ಎಕ್ಸ್‌ರೇಲಿ ಕಾಣೋ ಎಡಗಡೆ ಉಬ್ಬು

ಕೇಳುಗರಿಗೆಲ್ಲ ನಮಸ್ಕಾರ. ಹಾರ್ಟ್ ಪ್ರಾಬ್ಲಂ ಅಂದ ತಕ್ಷಣ ನಾವೆಲ್ಲ ಬ್ಲಾಕು, ಸ್ಟೆಂಟು ಅಂತಲೇ ಮಾತಾಡ್ತೀವಿ, ಆದ್ರೆ ಇವತ್ತು ನಾನು ಹೇಳೋದು ತುಂಬಾ ಅಪರೂಪದ ತೊಂದ್ರೆ ಬಗ್ಗೆ, ಎಷ್ಟೋ ಡಾಕ್ಟರುಗಳು ಸರ್ವಿಸ್ ಪೂರ್ತಿ ಇದರ ಒಂದು ಕೇಸೂ ನೋಡಿರಲ್ಲ.

ಹೃದಯದ ಎಡಗಡೆ ಮೇಲಿನ ಕೋಣೆಗೆ, ಅಂದ್ರೆ ಎಡ ಹೃತ್ಕರ್ಣಕ್ಕೆ, ಹೆಬ್ಬೆರಳಿನಷ್ಟು ಒಂದು ಚಿಕ್ಕ ಚೀಲ ಅಂಟ್ಕೊಂಡಿರತ್ತೆ, ಇದು ಎಲ್ಲರಿಗೂ ಇರೋದೇ. ಕೆಲವರಿಗೆ ಮಾತ್ರ ಹುಟ್ಟಿನಿಂದ್ಲೇ ಅದರ ಗೋಡೆ ಗಟ್ಟಿ ಇರಲ್ಲ, ವಯಸ್ಸಾಗ್ತಾ ಆಗ್ತಾ ಅದು ಉಬ್ಬಿ ಮುಷ್ಟಿಗಿಂತ ದೊಡ್ಡದಾದ್ರೂ ಆಗಬಹುದು. ಅನ್ಯೂರಿಸಂ ಅನ್ನೋದು ಇದನ್ನೇ. 1938ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸೆಮನ್ಸ್ ಮತ್ತು ಹೆಲೆನ್ ಟೌಸಿಗ್ ಅನ್ನೋ ಡಾಕ್ಟರುಗಳು ಇಂಥ ಹುಟ್ಟು ಉಬ್ಬಿನ ಬಗ್ಗೆ ಬರೆದಿದ್ರು, ಮೈ ನೀಲಿಗಟ್ಟೋ ಮಕ್ಕಳ ಆಪರೇಷನ್‌ಗೆ ದಾರಿ ತೋರಿಸಿದ್ರಲ್ಲ, ಅದೇ ಟೌಸಿಗ್.

ಉಬ್ಬಿದ ಚೀಲದಲ್ಲಿ ರಕ್ತ ಸರಿಯಾಗಿ ಓಡದೆ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪಿನ ಚೂರು ಮೆದುಳಿಗೆ ಹೋದ್ರೆ ಲಕ್ವ. ಮೂವತ್ತು ವರ್ಷದ ಹುಡುಗ, ಬಿಪಿ ಇಲ್ಲ ಶುಗರ್ ಇಲ್ಲ, ಆಗಾಗ ಎದೆ ಡವಡವ ಅಂತಿತ್ತು ಅಷ್ಟೇ, ಟೆನ್ಷನ್ ಅಂದ್ಕೊಂಡು ಮನೆಯವರೂ ಸುಮ್ನಿದ್ರು, ಒಂದಿನ ಕೈ ಬಿದ್ದುಹೋಯ್ತು, ಹೀಗೂ ಆಗತ್ತೆ.

ಪತ್ತೆ ಆಗೋದು ಹೆಚ್ಚಾಗಿ ಬೇರೆ ಯಾವುದಕ್ಕೋ ತೆಗೆಸಿದ ಎದೆ ಎಕ್ಸ್‌ರೇಲಿ. ಹೃದಯದ ಎಡ ಅಂಚು ಎದ್ದು ಕಾಣತ್ತೆ. ಇಲ್ಲಿ ತುಂಬಾ ಹುಷಾರಾಗಿರಬೇಕು, ಗಡ್ಡೆ ಇರಬಹುದು ಅಂತ ಸೂಜಿ ಚುಚ್ಚಿ ಪೀಸ್ ತೆಗೆಯೋಕೆ ಹೋದ್ರೆ ಚುಚ್ಚೋದು ರಕ್ತ ತುಂಬಿದ ಹೃದಯಕ್ಕೇ! ಅದಕ್ಕೇ ಮೊದ್ಲು ಎಕೋ, ಅಂದ್ರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಬೇಕು, ಆಮೇಲೆ ಅನ್ನನಾಳದೊಳಗೆ ಪೈಪ್ ಇಳಿಸಿ ಮಾಡೋ ಎಕೋ, ಅದರಲ್ಲಿ ಹೆಪ್ಪು ಚೆನ್ನಾಗಿ ಕಾಣತ್ತೆ, ಜೊತೆಗೆ ಸಿಟಿ ಅಥವಾ ಎಂಆರ್‌ಐ.

ಮಾತ್ರೆಯಿಂದ ಉಬ್ಬು ಇಳಿಯಲ್ಲ. ರಕ್ತ ತೆಳು ಮಾಡೋ ಮಾತ್ರೆ ಹೆಪ್ಪಾಗೋದನ್ನ ತಡೆಯೋಕೆ ಅಷ್ಟೇ. ಉಬ್ಬನ್ನ ಕತ್ತರಿಸಿ ತೆಗೆದು ಹೊಲಿಯೋದೇ ಚಿಕಿತ್ಸೆ, ತೊಂದ್ರೆ ಏನೂ ಕಾಣದಿದ್ರೂ ಸಾಮಾನ್ಯವಾಗಿ ಅದನ್ನೇ ಹೇಳ್ತಾರೆ. ಹೆಚ್ಚಾಗಿ ಎದೆ ತೆರೆದು, ಹೃದಯ, ಶ್ವಾಸಕೋಶದ ಕೆಲಸ ತಾನು ಮಾಡೋ ಹಾರ್ಟ್ ಲಂಗ್ ಮಷೀನ್ ಹಾಕಿ ಮಾಡೋ ಆಪರೇಷನ್. ಸರ್ಜನ್ ಮಹಾಧಮನಿಗೆ, ಅಂದ್ರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ರಕ್ತನಾಳಕ್ಕೆ, ಕ್ಲ್ಯಾಂಪ್ ಹಾಕೋವರೆಗೂ ಆ ಚೀಲವನ್ನ ಆದಷ್ಟು ಮುಟ್ಟೋದೇ ಇಲ್ಲ, ಒಳಗಿನ ಹೆಪ್ಪು ಅಲುಗಾಡಿ ಮೆದುಳಿಗೆ ಹೋದೀತು ಅಂತ. ಆಪರೇಷನ್ ಆದ್ಮೇಲೆ ಎಷ್ಟೋ ಜನರಿಗೆ ಎದೆಬಡಿತ ತಾಳಕ್ಕೆ ಬರತ್ತೆ, ಆದ್ರೂ ರಕ್ತ ತೆಳು ಮಾಡೋ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ.