ಬೆನ್ನಿನ ನೀರು ಕಾಯುವುದಿಲ್ಲ

ಕೇಳುಗರಿಗೆ ನಮಸ್ಕಾರ. ವಾರ್ಡಿನ ನರ್ಸ್‌ಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಲ್ಯಾಬ್ ಟೆಕ್ನಿಷಿಯನ್‌ಗಳು, ಟ್ಯೂಬು ಕೈಯಲ್ಲಿ ಹಿಡಿದು ಲ್ಯಾಬ್ ಎಲ್ಲಿದೆ ಎಂದು ಹುಡುಕುವ ರೋಗಿಯ ಮನೆಯವರು, ಇವರೆಲ್ಲ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ.

ರಕ್ತದ ಸ್ಯಾಂಪಲ್ ಕೆಟ್ಟರೆ ಇನ್ನೊಮ್ಮೆ ತೆಗೆಯಬಹುದು. ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರು, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ, ನಾವು ಸಿಎಸ್‌ಎಫ್ ಅನ್ನುತ್ತೇವಲ್ಲ, ಅದು ಹಾಗಲ್ಲ. ಆಂಟಿಬಯೋಟಿಕ್ ಶುರುವಾದ ಮೇಲೆ ಮತ್ತೆ ತೆಗೆದರೂ ಕಲ್ಚರಿನಲ್ಲಿ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಅದು ಸಿಗುವುದು ಕಷ್ಟ. ಹಾಗಾಗಿ ನಾನು ಹೇಳುವುದು ಒಂದೇ ಮಾತು: ತೆಗೆದ ಒಂದು ಗಂಟೆಯೊಳಗೆ ಜೀವಕೋಶಗಳ ಎಣಿಕೆ ಆಗಿಬಿಡಬೇಕು.

ತಡವಾದರೆ ಏನಾಗುತ್ತದೆ, ನೋಡಿ. ಜ್ವರ ಬಂದು ಕುತ್ತಿಗೆ ಬಿಗಿದಿರುವ ಒಂದು ಮಗು ಅಂದುಕೊಳ್ಳಿ. ಸಂಜೆ 6ಕ್ಕೆ ಡಾಕ್ಟರು ಮೂರು ಟ್ಯೂಬಿಗೆ ನೀರು ತೆಗೆದರು. ಫಾರಂ ತುಂಬಲು ಯಾರೂ ಇಲ್ಲದೆ ಟ್ರೇ ಕೌಂಟರ್ ಮೇಲೆಯೇ ಉಳಿಯಿತು. ಅದು ಲ್ಯಾಬ್ ಮುಟ್ಟಿದ್ದು 8 ಗಂಟೆಗೆ. ಎರಡು ಗಂಟೆ ಹೊರಗಿದ್ದರೆ, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚಾಗುವ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧ ಒಡೆದುಹೋಗುತ್ತವೆ. ಲಿಂಫೋಸೈಟ್‌ಗಳು (ವೈರಸ್, ಟಿಬಿ ಸೋಂಕಿನಲ್ಲಿ ಹೆಚ್ಚಾಗುವ ಬಿಳಿ ಕಣಗಳು) ಅಷ್ಟು ಬೇಗ ಒಡೆಯುವುದಿಲ್ಲ. ಆಗ ಬ್ಯಾಕ್ಟೀರಿಯಾದ ಮೆದುಳುಜ್ವರ ಸ್ಲೈಡಿನಲ್ಲಿ ವೈರಸ್ಸಿನದ್ದರ ಹಾಗೆಯೋ ಟಿಬಿಯ ಹಾಗೆಯೋ ಕಾಣಬಹುದು. ಅಷ್ಟರಲ್ಲಿ ನೀರಿನಲ್ಲಿದ್ದ ಬ್ಯಾಕ್ಟೀರಿಯಾ, ಬಿಳಿ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗ್ಲೂಕೋಸ್ ಸುಳ್ಳೇ ಇಳಿಯುತ್ತದೆ. ರಾತ್ರಿ ಪಾಳಿಯವರು ‘ಬೆಳಿಗ್ಗೆ ಮಾಡೋಣ’ ಎಂದು ಟ್ಯೂಬನ್ನು ಫ್ರಿಜ್ಜಿಗೆ ಇಟ್ಟರಂತೂ ಮುಗಿಯಿತು. ಮೆದುಳುಜ್ವರ ತರುವ ಬ್ಯಾಕ್ಟೀರಿಯಾಗಳಾದ ಮೆನಿಂಗೋಕಾಕಸ್, ಹೀಮೋಫಿಲಸ್ ಎರಡಕ್ಕೂ ತಣ್ಣಗಾದರೆ ಆಗುವುದಿಲ್ಲ, ಸಾಯುತ್ತವೆ. ಬೆಳಿಗ್ಗೆ ಕಲ್ಚರಿಗೆ ಹಾಕಿದರೆ ‘ನೋ ಗ್ರೋತ್’ ಎಂದು ರಿಪೋರ್ಟು ಹೋಗುತ್ತದೆ. ದಯವಿಟ್ಟು ಕೇಳಿ: ಕಲ್ಚರಿಗೆ ಹಾಕುವ ಮೊದಲು ಸಿಎಸ್‌ಎಫ್ ಫ್ರಿಜ್ಜಿಗೆ ಹೋಗಕೂಡದು.

ಟ್ಯೂಬಿನ ಮೇಲೆ ತೆಗೆದ ಹೊತ್ತು ಬರೆಯಿರಿ, 1, 2, 3 ಎಂದು ನಂಬರೂ ಹಾಕಿ. ಒಂದನೆಯದು ಬಯೋಕೆಮಿಸ್ಟ್ರಿಗೆ (ಸಕ್ಕರೆ, ಪ್ರೋಟೀನ್ ಪರೀಕ್ಷೆಗೆ), ಎರಡನೆಯದು ಕಲ್ಚರಿಗೆ, ಮೂರನೆಯದು ಎಣಿಕೆಗೆ. ಸೂಜಿ ಚುಚ್ಚಿದಾಗ ಬಂದ ರಕ್ತ ಮೊದಲ ಟ್ಯೂಬಿನಲ್ಲಿ ಹೆಚ್ಚು, ಮೂರನೆಯದರಲ್ಲಿ ಕಡಿಮೆ. ಮೂರೂ ಒಂದೇ ಸಮ ಕೆಂಪಗಿದ್ದರೆ ಒಳಗೇ ರಕ್ತಸ್ರಾವ ಆಗಿದೆಯೇ ಎಂದು ಯೋಚಿಸಬೇಕಾಗುತ್ತದೆ. ನಂಬರೇ ಇಲ್ಲದಿದ್ದರೆ ಇದನ್ನು ಹೇಗೆ ಹೇಳುವುದು? ಒಂದೇ ಟ್ಯೂಬು ಸಿಕ್ಕಿದ್ದರೆ ಮೊದಲು ಕಲ್ಚರಿನವರು ಮುಟ್ಟಲಿ, ಅವರಿಗೆ ಸ್ಟೆರೈಲ್ ಆಗಿಯೇ ಬೇಕು. ಅದೇ ಹೊತ್ತಿಗೆ ರಕ್ತದ ಸಕ್ಕರೆಗೂ ಸ್ಯಾಂಪಲ್ ತೆಗೆಯಿರಿ, ಬೆನ್ನಿನ ನೀರಿನ ಸಕ್ಕರೆಯನ್ನು ಅದರ ಜೊತೆಗಿಟ್ಟೇ ಓದುವುದು.

ಹೊಟ್ಟೆಯ ನೀರು, ಎದೆಯ ನೀರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇವು ಹೆಪ್ಪುಗಟ್ಟುತ್ತವೆ. ಗಟ್ಟಿಯಾದ ಮುದ್ದೆಯೊಳಗೆ ಕಣಗಳು ಸಿಕ್ಕಿಕೊಂಡರೆ ಎಣಿಕೆ ತಪ್ಪುತ್ತದೆ. ಎಣಿಕೆಗೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿ ಎಂಟು ಹತ್ತು ಸಲ ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. ಹೊಟ್ಟೆಯ ನೀರಿನ ಕಲ್ಚರಿಗೆ 10 ಮಿಲಿಲೀಟರನ್ನು ಹಾಸಿಗೆಯ ಪಕ್ಕದಲ್ಲೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ. ಲಿವರ್ ರೋಗಿಯ ಹೊಟ್ಟೆಯ ನೀರಿನಲ್ಲಿ ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ 250 ಮುಟ್ಟಿತೆಂದರೆ ಚಿಕಿತ್ಸೆ ಕಲ್ಚರಿಗಾಗಿ ಕಾಯುವುದಿಲ್ಲ. ಆದ್ದರಿಂದ ಇಲ್ಲೂ ಎಣಿಕೆ ತಡವಾಗಬಾರದು.

ಪರೀಕ್ಷೆ ಮುಗಿಯಿತು, ತಳದಲ್ಲಿ ಅರ್ಧ ಮಿಲಿಲೀಟರ್ ಉಳಿಯಿತು. ಅದನ್ನು ಎಸೆಯಬೇಡಿ. ಫ್ರಿಜ್ಜಿನ ಸರದಿ ಈಗ: ಮುಚ್ಚಳ ಬಿಗಿಮಾಡಿ, ಲೇಬಲ್ ಕಾಣುವಂತೆ ರ‍್ಯಾಕಿನಲ್ಲಿ ನಿಲ್ಲಿಸಿ, 2ರಿಂದ 8 ಡಿಗ್ರಿಯಲ್ಲಿಡಿ. ಅಮೆರಿಕದ ಲ್ಯಾಬ್ ವೈದ್ಯರ ಸಂಸ್ಥೆಯಾದ ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್ ಹೇಳುವ ಕನಿಷ್ಠ ಅವಧಿ 48 ಗಂಟೆ. ಬೆನ್ನಿನ ನೀರನ್ನು ಒಂದು ವಾರ ಇಟ್ಟರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಡಾಕ್ಟರಿಗೆ ಟಿಬಿ ಪರೀಕ್ಷೆಯೂ ಬೇಕು ಎನಿಸುವುದು ಎಷ್ಟೋ ಸಲ ಮೂರನೆಯ ದಿನ. ಅವಧಿ ಮುಗಿದ ಮೇಲೂ ಸಿಂಕಿಗೆ ಸುರಿಯಬಾರದು, ಲ್ಯಾಬಿನಲ್ಲೇ ರೋಗಾಣುಮುಕ್ತ ಮಾಡಿ ವಿಲೇವಾರಿ ಮಾಡಬೇಕು. ಅದಕ್ಕೂ ಮುಂಚೆ ವಾರ್ಡಿಗೆ ಒಂದು ಫೋನ್ ಮಾಡಿ, ಇನ್ನೇನಾದರೂ ಪರೀಕ್ಷೆ ಬಾಕಿ ಇದೆಯೇ ಕೇಳಿ. ನಮಸ್ಕಾರ.