ಪ್ರಾರ್ಥನೆಗೊಂದು ಹೊತ್ತು

ಪ್ರಿಯರೇ,

ಕ್ರೈಸ್ತ ಜೀವನದಲ್ಲಿ ಪ್ರಾರ್ಥನೆ ಮುಖ್ಯವೇ ಎಂದು ಕೇಳಿದರೆ ಇಲ್ಲಿ ಕೂತಿರುವವರು ಯಾರೂ ಇಲ್ಲ ಎನ್ನುವುದಿಲ್ಲ. ಅದಕ್ಕೇ ಈ ವಿಷಯದ ಮೇಲೆ ಮಾತಾಡುವುದು ಕಷ್ಟ. ಎಲ್ಲರೂ ಒಪ್ಪಿಕೊಂಡದ್ದನ್ನು ಮತ್ತೆ ಒಪ್ಪಿಸಿ ಏನು ಪ್ರಯೋಜನ? ಆದರೆ ನಿನ್ನೆ ಪ್ರಾರ್ಥನೆ ಮಾಡಿದಿರಾ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಪುರುಸೊತ್ತು ಆಗಲಿಲ್ಲ. ಮಲಗುವ ಮುಂಚೆ ಶುರು ಮಾಡಿದೆ, ಅರ್ಧಕ್ಕೇ ನಿದ್ದೆ ಹತ್ತಿತು. ಮನಸ್ಸು ಸರಿಯಿರಲಿಲ್ಲ, ಬರೀ ಬಾಯಿಮಾತಿನ ಪ್ರಾರ್ಥನೆ ಯಾಕೆ ಅಂತ ಬಿಟ್ಟೆ. ಮೊದಲಿನ ಎರಡು ಸಬೂಬುಗಳು ಪಾಪ, ಸಬೂಬುಗಳಂತೆಯೇ ಕಾಣುತ್ತವೆ. ಮೂರನೆಯದು ಭಕ್ತಿಯ ವೇಷ ಹಾಕಿಕೊಂಡು ಬರುತ್ತದೆ. ಇವತ್ತು ನನ್ನ ತಕರಾರು ಅದರ ಮೇಲೆ.

ಸತ್ಯವೇದದಲ್ಲಿ ಪ್ರಾರ್ಥಿಸುವ ಜನರನ್ನು ಗಮನಿಸಿ. ಹೆಚ್ಚಿನವರು ಹೊತ್ತಾಯಿತೆಂದು ಪ್ರಾರ್ಥಿಸುತ್ತಾರೆ. 55ನೇ ಕೀರ್ತನೆಗಾರ ಸಂಜೆ, ಬೆಳಗ್ಗೆ, ಮಧ್ಯಾಹ್ನ ಎಂದು ಲೆಕ್ಕ ಕೊಡುತ್ತಾನೆ. ಅರಸನನ್ನು ಬಿಟ್ಟು ಬೇರೆ ಯಾರಿಗೂ ಮೂವತ್ತು ದಿನ ಬಿನ್ನಹ ಮಾಡಬಾರದು ಎಂಬ ಆಜ್ಞೆ ಹೊರಟಾಗ ದಾನಿಯೇಲ ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮೇಲುಕೋಣೆಯಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಆಜ್ಞೆ ಮೀರಿದ್ದಕ್ಕೆ ಅವನನ್ನು ಹಾಕಿದ ಸಿಂಹದ ಗವಿಯ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಆದರೆ ಅಲ್ಲಿರುವ ಒಂದು ಸಣ್ಣ ಮಾತನ್ನು ಬಿಟ್ಟುಬಿಡುತ್ತೇವೆ: ಅವನು ಹಿಂದೆ ಮಾಡುತ್ತಿದ್ದ ಹಾಗೆಯೇ ಮಾಡಿದ. ಅಪಾಯ ಬಂತೆಂದು ಹೊಸದಾಗಿ ಹುಟ್ಟಿದ ಭಕ್ತಿ ಅದಲ್ಲ, ಹಳೆಯ ರೂಢಿ. ಗವಿಯಲ್ಲಿ ಕಂಡ ಧೈರ್ಯ ಆ ಕಿಟಕಿಯ ಹತ್ತಿರ ವರ್ಷಗಟ್ಟಲೆ ಕೂಡಿಟ್ಟದ್ದು.

ಅಪೊಸ್ತಲರೂ ಹಾಗೆಯೇ. ಪೇತ್ರ ಮತ್ತು ಯೋಹಾನ ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆಂದು ದೇವಾಲಯಕ್ಕೆ ಹೊರಟಿದ್ದರು. ದಾರಿಯಲ್ಲಿ ಸಿಕ್ಕಿದವನೇ ಅವರು ಗುಣಪಡಿಸಿದ ಆ ಹುಟ್ಟುಕುಂಟ. ಇನ್ನೊಂದು ಸಲ ಪೇತ್ರ ನಡುಮಧ್ಯಾಹ್ನದ ಪ್ರಾರ್ಥನೆಗೆ ಮಾಳಿಗೆ ಹತ್ತಿದಾಗ ಅವನಿಗೆ ಚೆನ್ನಾಗಿ ಹಸಿದಿತ್ತು, ಕೆಳಗೆ ಅಡುಗೆ ನಡೆಯುತ್ತಿತ್ತು. ಹೊಟ್ಟೆ ಚುರುಗುಟ್ಟುವಾಗ ಯಾರಿಗೆ ಏಕಾಗ್ರತೆ ಬರುತ್ತದೆ ಹೇಳಿ! ಆದರೂ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುವಾರ್ತೆಯ ಬಾಗಿಲು ತೆರೆದ ದರ್ಶನ ಅವನಿಗೆ ಆದದ್ದು ಆ ಹಸಿದ ಪ್ರಾರ್ಥನೆಯಲ್ಲೇ.

ಆದಿಸಭೆ ಈ ರೂಢಿಯನ್ನು ಮುಂದುವರಿಸಿತು. ಹೊಸ ವಿಶ್ವಾಸಿಗಳಿಗಾಗಿ ಬರೆದ ಅತಿ ಹಳೆಯ ಬೋಧನೆಗಳಲ್ಲಿ ಒಂದಾದ ದಿದಖೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರಿ ಎನ್ನುತ್ತದೆ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ನಿಯಮ ಬರೆದಾಗ 150 ಕೀರ್ತನೆಗಳೂ ವಾರದೊಳಗೆ ಒಂದು ಸುತ್ತು ಮುಗಿಯಲಿ ಎಂದ. ನಮ್ಮ ಪಿತೃಗಳು ಒಂದೇ ದಿನದಲ್ಲಿ ಮುಗಿಸುತ್ತಿದ್ದುದನ್ನು ಉತ್ಸಾಹವಿಲ್ಲದ ನಾವು ಒಂದು ವಾರದಲ್ಲಾದರೂ ಮುಗಿಸೋಣ ಎಂಬ ಅರ್ಥದ ಮಾತನ್ನೂ ಸೇರಿಸಿದ. ಉತ್ಸಾಹ ಬತ್ತುವ ತೊಂದರೆ ನಮ್ಮ ಕಾಲದ್ದಲ್ಲ, ಬಹಳ ಹಳೆಯದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೇಳಿದ್ದನ್ನೇ ಹೇಳಬೇಡಿರಿ ಎಂದು ಯೇಸುಸ್ವಾಮಿಯೇ ಹೇಳಿಲ್ಲವೇ? ಹೌದು, ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂಬ ಭ್ರಮೆಯನ್ನು ಅಲ್ಲಿ ಖಂಡಿಸಿದ್ದಾರೆ. ಆದರೆ ಹಾಗೆ ಹೇಳಿದ ಕೂಡಲೇ ಶಿಷ್ಯರ ಬಾಯಿಗೆ ಒಂದು ಪ್ರಾರ್ಥನೆಯನ್ನು ಕೊಟ್ಟರು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಅವರೇ ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರೆಂದು ಮತ್ತಾಯನೇ ಬರೆಯುತ್ತಾನೆ. ಶಿಲುಬೆಯ ಮೇಲೆ ಅವರ ಬಾಯಿಂದ ಬಂದ ಎರಡು ಮಾತುಗಳು, ನನ್ನನ್ನು ಯಾಕೆ ಕೈಬಿಟ್ಟೆ ಎಂಬುದೂ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬುದೂ, 22ನೇ ಮತ್ತು 31ನೇ ಕೀರ್ತನೆಗಳ ಸಾಲುಗಳು. ಉಸಿರು ಕಟ್ಟುವ ನೋವಿನಲ್ಲಿ ಹೊಸ ವಾಕ್ಯ ಕಟ್ಟಲು ಯಾರಿಗಾಗುತ್ತದೆ? ಮೊದಲೇ ಎದೆಯಲ್ಲಿದ್ದದ್ದು ಮಾತ್ರ ಆಗ ಬಾಯಿಗೆ ಬರುತ್ತದೆ. ಬಾಯಿಪಾಠದ ಪ್ರಾರ್ಥನೆ ಕೀಳು, ಸ್ವಂತ ಮಾತಿನದು ಮೇಲು ಎಂಬ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ನಮ್ಮ ಕೂಟಗಳಲ್ಲಿ ಸ್ವಂತ ಮಾತಿನ ಕೆಲವು ಪ್ರಾರ್ಥನೆಗಳು ನಡುದಾರಿಯಲ್ಲಿ ಪ್ರಸಂಗವಾಗಿ ತಿರುಗಿ, ದೇವರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತವರಿಗೆ ಬುದ್ಧಿ ಹೇಳುವುದನ್ನು ನೀವೂ ಕೇಳಿದ್ದೀರಿ.

ಸಭೆಯ ಸುಧಾರಕ ಮಾರ್ಟಿನ್ ಲೂಥರ್‌ಗೆ ಕ್ಷೌರ ಮಾಡುತ್ತಿದ್ದ ಪೀಟರ್ ಎಂಬಾತ ಪ್ರಾರ್ಥಿಸುವುದು ಹೇಗೆಂದು ಕೇಳಿದ. ಲೂಥರ್ 1535ರಲ್ಲಿ ಅವನಿಗಾಗಿ ಒಂದು ಚಿಕ್ಕ ಪುಸ್ತಕವನ್ನೇ ಬರೆದುಕೊಟ್ಟ. ಅದರ ಮೊದಲಲ್ಲೇ, ಬೇರೆ ಕೆಲಸ ಮತ್ತು ಯೋಚನೆಗಳಿಂದ ತನ್ನ ಮನಸ್ಸೂ ಪ್ರಾರ್ಥನೆಗೆ ತಣ್ಣಗಾಗುತ್ತದೆ ಎಂದು ಹೇಳಿಕೊಳ್ಳುತ್ತಾನೆ. ಆಗ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ದೇವಾಲಯಕ್ಕೋ ಹೋಗಿ, ದಶಾಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಮಕ್ಕಳು ಹೇಳುವಂತೆ ಒಂದೊಂದೇ ಮಾತಾಗಿ ಹೇಳಿಕೊಳ್ಳುತ್ತಾನಂತೆ. ಮನಸ್ಸು ಬೆಚ್ಚಗಾಗುವುದು ಆಮೇಲೆ. ಈ ಕೆಲಸ ಒಂದು ಮುಗಿಸಿ ಇನ್ನೊಂದು ಗಂಟೆಗೆ ಪ್ರಾರ್ಥಿಸುತ್ತೇನೆ ಎಂಬ ಯೋಚನೆ ಬಂದರೆ ಎಚ್ಚರ, ಆ ಗಂಟೆ ಬರುವುದೇ ಇಲ್ಲ ಎಂದೂ ತಿಳಿಸುತ್ತಾನೆ. ಜೊತೆಗೆ ಪೀಟರನ ಕಸುಬನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತಾನೆ: ಒಳ್ಳೆಯ ಕ್ಷೌರಿಕನ ಕಣ್ಣು ಮತ್ತು ಗಮನ ಕತ್ತಿಯ ಮೇಲಿರಬೇಕು, ಮಾತಾಡುತ್ತಾ ಎತ್ತಲೋ ನೋಡಿದರೆ ಎದುರಿಗೆ ಕೂತವನ ಮೂಗು, ಬಾಯಿ, ಕಡೆಗೆ ಗಂಟಲೂ ಹೋದೀತು. ಆ ಗಂಟಲು ಬಹುಶಃ ಲೂಥರನದೇ ಆಗಿರಬಹುದಿತ್ತು ಎಂಬುದನ್ನು ನೆನೆದರೆ ಸಲಹೆಗೆ ತೂಕ ಹೆಚ್ಚು.

ಹಾಗಾದರೆ ಹೊತ್ತು ಗೊತ್ತು ಮಾಡಿ, ಕಲಿತ ಮಾತು ಹೇಳಿದರೆ ಮುಗಿಯಿತೇ? ಕರ್ತನ ಪ್ರಾರ್ಥನೆ ಅಷ್ಟಕ್ಕೆ ಬಿಡುವುದಿಲ್ಲ. ಅದರಲ್ಲಿರುವ ಎಲ್ಲ ಬೇಡಿಕೆಗಳಲ್ಲಿ, ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸಿದ್ದು ಒಂದನ್ನೇ. ಅನುದಿನದ ಆಹಾರವನ್ನಲ್ಲ, ಬರಲಿರುವ ರಾಜ್ಯವನ್ನೂ ಅಲ್ಲ. ಕ್ಷಮೆಯನ್ನು. ನೀವು ಜನರ ತಪ್ಪುಗಳನ್ನು ಕ್ಷಮಿಸದಿದ್ದರೆ ನಿಮ್ಮ ತಂದೆಯೂ ನಿಮ್ಮ ತಪ್ಪುಗಳನ್ನು ಕ್ಷಮಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ನಾವು ಈ ಸಾಲನ್ನು ಎಷ್ಟು ಸರಾಗವಾಗಿ ಹೇಳಿ ದಾಟುತ್ತೇವೆ! ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ, ಆಸ್ತಿಯ ಕಾಗದ ವಕೀಲರ ಹತ್ತಿರ ಇದೆ, ಆದರೂ ದಿನಾ ಬೆಳಗ್ಗೆ ನಾವು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸು ಎನ್ನುತ್ತೇವೆ. ಹಾಗೆ ಹೇಳುವಾಗ ನಾವು ನಮ್ಮ ವಿರುದ್ಧವೇ ಅರ್ಜಿ ಹಾಕುತ್ತಿದ್ದೇವೆ. ದಿನಕ್ಕೆ ಮೂರು ಸಲ ಹೇಳಿದರೆ ಮೂರು ಅರ್ಜಿ. ದಿನವೂ ಪ್ರಾರ್ಥಿಸುವವನಿಗೂ ಕಷ್ಟ ಬಂದಾಗ ಮಾತ್ರ ಪ್ರಾರ್ಥಿಸುವವನಿಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿಯೇ. ಎರಡನೆಯವನು ಈ ಸಾಲಿನಿಂದ ತಪ್ಪಿಸಿಕೊಳ್ಳಬಹುದು. ಮೊದಲನೆಯವನಿಗೆ ಅದು ದಿನಾ ಎದುರಾಗುತ್ತದೆ, ಒಂದಲ್ಲ ಒಂದು ದಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪೇತ್ರನ ಮೊದಲ ಪತ್ರ 3ನೇ ಅಧ್ಯಾಯದಲ್ಲಿ ಇದಕ್ಕಿಂತಲೂ ಮನೆಗೆ ಹತ್ತಿರದ ಮಾತಿದೆ. ಗಂಡಂದಿರೇ, ಹೆಂಡತಿಯನ್ನು ಗೌರವಿಸಿ ಬಾಳಿರಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ ಎನ್ನುತ್ತಾನೆ. ಮದುವೆಯ ಪ್ರಸಂಗಗಳಲ್ಲಿ ಹೆಂಡತಿ ಅಧೀನಳಾಗಿರಬೇಕೆಂಬ ಭಾಗವನ್ನು ಗಟ್ಟಿಯಾಗಿ ಓದುತ್ತಾರೆ, ಈ ಭಾಗಕ್ಕೆ ಬರುವಾಗ ಸ್ವರ ತಗ್ಗುತ್ತದೆ. ಅಡುಗೆಮನೆಯಲ್ಲಿ ಕೂಗಾಡಿ ಬಂದು ಕೋಣೆಯ ಬಾಗಿಲು ಹಾಕಿ ಮೊಣಕಾಲೂರಿದವನಿಗೆ ಪರಲೋಕದ ಬಾಗಿಲೂ ಹಾಕಿದಂತೆ ಅನ್ನಿಸಿದರೆ, ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಕೆಲಸದ ನಡುವೆ ಪ್ರಾರ್ಥಿಸುವುದು ಹೇಗೆಂದು ಕೇಳುವವರಿಗೆ ನಾನು ನೆಹೆಮೀಯನನ್ನು ತೋರಿಸುತ್ತೇನೆ. ಅವನು ಅರಸನಿಗೆ ದ್ರಾಕ್ಷಾರಸ ತಂದುಕೊಡುವ ಸೇವಕ. ಯಾಕೆ ಮುಖ ಬಾಡಿದೆ, ನಿನಗೆ ಏನು ಬೇಕು ಎಂದು ಅರಸ ಕೇಳಿದ. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಅವನು ಪರಲೋಕದ ದೇವರನ್ನು ಪ್ರಾರ್ಥಿಸಿದ. ಎಷ್ಟು ಹೊತ್ತು ಸಿಕ್ಕಿರಬಹುದು? ಒಂದು ಉಸಿರಿನಷ್ಟು. ಈಜಿಪ್ಟಿನ ಸನ್ಯಾಸಿಗಳ ಇಂಥ ಚಿಕ್ಕ, ಪದೇ ಪದೇ ಎಸೆದಂಥ ಪ್ರಾರ್ಥನೆಗಳನ್ನು ಹಳೆಯ ಕಾಲದ ಬಿಷಪ್ ಅಗಸ್ಟೀನ್ ಕೂಡ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಮೆಚ್ಚಿಕೊಂಡಿದ್ದಾನೆ. ಆದರೆ ನೆಹೆಮೀಯನ ಪುಸ್ತಕದ ಮೊದಲ ಅಧ್ಯಾಯವನ್ನು ಬಿಟ್ಟು ಎರಡನೆಯದನ್ನು ಓದಬೇಡಿ. ಕಿಸ್ಲೇವ್ ತಿಂಗಳಲ್ಲಿ ಯೆರೂಸಲೇಮಿನ ಸುದ್ದಿ ಕೇಳಿದಾಗಲೇ ಅವನು ಉಪವಾಸವಿದ್ದು ಹಗಲೂ ರಾತ್ರಿ ಪ್ರಾರ್ಥಿಸಲು ತೊಡಗಿದ್ದ. ಅರಸ ಪ್ರಶ್ನೆ ಕೇಳಿದ್ದು ನೀಸಾನ್ ತಿಂಗಳಲ್ಲಿ. ಆ ಒಂದು ಉಸಿರಿನ ಹಿಂದೆ ತಿಂಗಳುಗಳೇ ಇದ್ದವು. ನಾನು ಬಸ್ಸಿನಲ್ಲೇ ಪ್ರಾರ್ಥಿಸುತ್ತೇನೆ, ಬೇರೆ ಹೊತ್ತು ಬೇಡ ಎನ್ನುವವರಿಗೆ ಈ ಒಂದು ಮಾತು.

ಇಷ್ಟೆಲ್ಲ ಮಾಡಿಯೂ ಕೇಳಿದ್ದು ಸಿಗದಿದ್ದರೆ? ಸಿಗದೇ ಇರುವುದುಂಟು. ಪೌಲನು ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿದ, ಶೂಲ ಹೋಗಲಿಲ್ಲ, ಕೃಪೆಯ ಮಾತು ಸಿಕ್ಕಿತು. ಗೆತ್ಸೆಮನೆಯಲ್ಲಿ ಯೇಸು ತೊಲಗಿಸು ಎಂದು ಬೇಡಿದ ಸಂಕಟದ ಪಾತ್ರೆಯೂ ತೊಲಗಲಿಲ್ಲ. ನಂಬಿಕೆ ಸಾಲದ್ದಕ್ಕೆ ಹೀಗಾಯಿತು ಎಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳುವವರು, ದಯವಿಟ್ಟು, ಆ ತೋಟದಲ್ಲಿದ್ದವರ ನಂಬಿಕೆಯನ್ನೂ ಅದೇ ಅಳತೆಗೋಲಿನಲ್ಲಿ ಅಳೆದು ನೋಡಲಿ.

88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಬೇರೆ ವಿಲಾಪಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ ಸ್ತೋತ್ರ ಅಲ್ಲಿ ಇಲ್ಲ. ಕಥೋಲಿಕ ಸಭೆಯ ದೈನಂದಿನ ಪ್ರಾರ್ಥನೆಯಲ್ಲಿ ಅದನ್ನು ಶುಕ್ರವಾರದ ರಾತ್ರಿಗೆ ಇಟ್ಟಿದ್ದಾರೆ. ಆ ವಾರ ಮನೆಯಲ್ಲಿ ಮಗು ಹುಟ್ಟಿದವನೂ ಅದನ್ನೇ ಓದಬೇಕು. ಅವನಿಗೆ ಆ ಮಾತು ಸುಳ್ಳಲ್ಲವೇ ಎಂದರೆ, ಅಲ್ಲ. ಅದೇ ರಾತ್ರಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಒಂದು ಮಾತೂ ಹೊರಡದ ಯಾರೋ ಒಬ್ಬರ ಬದಲಿಗೆ ಅವನು ಅದನ್ನು ಓದುತ್ತಾನೆ. ನಮ್ಮ ತಂದೆಯೇ ಎಂದು ಕಲಿಸಿದ್ದಾರಲ್ಲ, ನನ್ನ ತಂದೆಯೇ ಎಂದಲ್ಲ.

ಹೀಗಾಗಿ ಒಂದೇ ಒಂದು ಕೋರಿಕೆ. ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದು ಹೇಳಿ, ಮನೆಗೆ ಹೋಗುವಷ್ಟರಲ್ಲಿ ಮರೆಯುವುದು ನಮ್ಮಲ್ಲಿ ಮಾಮೂಲು. ಇವತ್ತು ಹೊರಗೆ ಯಾರಾದರೂ ತಮ್ಮ ಕಷ್ಟ ಹೇಳಿಕೊಂಡರೆ, ಆ ಮಾತನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ಅವರು ಒಪ್ಪಿದರೆ ಅಲ್ಲೇ ನಿಂತು ನಾಲ್ಕು ಮಾತು ಪ್ರಾರ್ಥಿಸಿ, ಆಮೇಲೆ ಚಪ್ಪಲಿ ಹುಡುಕಿ.