ಗ್ಯಾಸ್ ಲೈಟಿನ ಟಾಕೀಸು

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ಯಾಸ್ ಲೈಟು ಅಂದರೆ ನಮ್ಮ ಹಿರಿಯರಿಗೆ ಏನು ನೆನಪಾಗುತ್ತದೆ ಹೇಳಿ? ಪೆಟ್ರೋಮ್ಯಾಕ್ಸು, ಅಲ್ವಾ? ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಜಾತ್ರೆಯ ಅಂಗಡಿಗಳಲ್ಲಿ ತೂಗುಹಾಕುತ್ತಿದ್ದರು. ಪಂಪು ಹೊಡೆದಷ್ಟೂ ಬೆಳಕು ಜಾಸ್ತಿ. ಗಾಜಿನೊಳಗೆ ಒಂದು ಮ್ಯಾಂಟಲ್. ಬಿಳಿ ಬಟ್ಟೆಯ ಪುಟ್ಟ ಚೀಲ ಅದು. ಒಮ್ಮೆ ಉರಿದ ಮೇಲೆ ಬೂದಿಯಾಗಿಯೇ ನಿಂತಿರುತ್ತದೆ. ಬೆರಳು ತಗುಲಿತೋ, ಪುಡಿಪುಡಿ.

ಅಂಥದೇ ಮ್ಯಾಂಟಲ್ ಉರಿಯುವ ದೀಪಗಳ ನಡುವೆ ಕೂತು ನಾನು ಹೋದ ವರ್ಷ ಒಂದು ಸಿನಿಮಾ ನೋಡಿದೆ. ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನಲ್ಲಿ. ಅಲ್ಲಿ ನನ್ನ ಮಗಳಿದ್ದಾಳೆ. ಅವಳ ಮನೆಗೆ ಹೋಗಿ ವಾರ ಕಳೆದಿತ್ತು. "ಅಮ್ಮ, ಇವತ್ತು ನಿನ್ನನ್ನ ಒಂದು ಕಡೆ ಕರ್ಕೊಂಡು ಹೋಗ್ತೀನಿ, ಎಲ್ಲಿಗೆ ಅಂತ ಕೇಳಬೇಡ" ಅಂದಳು.

ವಿಶ್ವವಿದ್ಯಾಲಯದ ಪಕ್ಕದ ದೊಡ್ಡ ಹಸಿರು ಬಯಲು ದಾಟಿದೆವು. ಆಮೇಲೆ ಸಾಲು ಸಾಲು ಕೆಂಪು ಇಟ್ಟಿಗೆಯ ಮನೆಗಳು. ಒಂದಕ್ಕೊಂದು ಗೋಡೆ ಅಂಟಿಕೊಂಡ ವಠಾರದಂಥ ಬೀದಿಗಳು. ಹೆಚ್ಚಿನವರು ಬಾಡಿಗೆಗಿರುವ ವಿದ್ಯಾರ್ಥಿಗಳು. ಆ ಕೆಂಪಿನ ನಡುವೆ, ಬ್ರೂಡೆನೆಲ್ ರಸ್ತೆಯ ಮೂಲೆಯಲ್ಲಿ, ಬೆಳ್ಳಗಿನ ಮುಂಭಾಗದ ಒಂದು ಕಟ್ಟಡ. ಬಾಗಿಲ ಮುಂದೆ ಕಂಬಗಳು. ಹೊರಗೆ ಬೀದಿ ಅಂಚಿಗೆ ಹಳೆಯ ಗ್ಯಾಸ್ ದೀಪದ ಕಂಬ. ಹೆಸರು ಹೈಡ್ ಪಾರ್ಕ್ ಪಿಕ್ಚರ್ ಹೌಸ್.

ಈ ಟಾಕೀಸು ಶುರುವಾದದ್ದು 1914ರ ನವೆಂಬರ್ 7ರಂದು. ಮೊದಲ ಮಹಾಯುದ್ಧ ಶುರುವಾಗಿ ಆಗಿನ್ನೂ ಮೂರೇ ತಿಂಗಳು. ಆ ದಿನ ತೋರಿಸಿದ್ದೂ ಒಂದು ದೇಶಭಕ್ತಿಯ ಚಿತ್ರ. ಆ ಕಾಲಕ್ಕೆ ಸಿನಿಮಾಕ್ಕಿನ್ನೂ ಮಾತು ಬಂದಿರಲಿಲ್ಲ. ರೀಲುಗಳಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತಿತ್ತು. ಅದಕ್ಕೇ ಬ್ರಿಟನ್ನಿನಲ್ಲಿ 1909ರಲ್ಲಿ ಒಂದು ಕಾನೂನು ಬಂತು. ಪ್ರೊಜೆಕ್ಟರ್ ಇಡುವ ಕೋಣೆ ಬೆಂಕಿ ತಡೆಯುವಂತಿರಬೇಕು, ಜನ ಕೂರುವ ಜಾಗದಿಂದ ಬೇರೆಯಾಗಿರಬೇಕು. ಅಲ್ಲಿಯ ತನಕ ಅಂಗಡಿಯಲ್ಲೋ ಯಾವುದೋ ಸಭಾಂಗಣದಲ್ಲೋ ಪರದೆ ಕಟ್ಟಿ ತೋರಿಸುತ್ತಿದ್ದವರು ಸಿನಿಮಾಕ್ಕೆ ಅಂತಲೇ ಕಟ್ಟಡ ಕಟ್ಟತೊಡಗಿದರು. ಈ ಟಾಕೀಸು ಆ ಕಾಲದ ಕೂಸು.

ಲೀಡ್ಸಿಗೂ ಸಿನಿಮಾಕ್ಕೂ ಇನ್ನೂ ಹಳೆಯ ನಂಟಿದೆ. 1888ರ ಅಕ್ಟೋಬರಿನಲ್ಲಿ ಲೂಯಿ ಲೆ ಪ್ರಿನ್ಸ್ ಎಂಬ ಫ್ರೆಂಚ್ ಮನುಷ್ಯ ಇದೇ ಊರಿನ ರೌಂಡ್‌ಹೇ ಎಂಬಲ್ಲಿ, ಒಂದು ಮನೆಯ ತೋಟದಲ್ಲಿ ನಾಲ್ವರು ಓಡಾಡುವುದನ್ನು ತಾನೇ ಮಾಡಿದ ಕ್ಯಾಮೆರಾದಲ್ಲಿ ಹಿಡಿದ. ಉಳಿದಿರುವುದು ಎರಡು ಸೆಕೆಂಡಿನಷ್ಟು. ಎರಡು ವರ್ಷದ ನಂತರ ಫ್ರಾನ್ಸಿನಲ್ಲಿ ರೈಲು ಹತ್ತಿದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಥೆಗೇ ಇನ್ನೊಂದು ಭಾಷಣ ಬೇಕು, ಬಿಡಿ.

ಟಿಕೆಟ್ ತಗೊಂಡು ಒಳಗೆ ಹೋದೆವು. ಬಾಲ್ಕನಿ ಇದೆ. ಚಾವಣಿಯಲ್ಲಿ, ಗೋಡೆಯಲ್ಲಿ ಗಾರೆಯ ಕುಸುರಿ. ಹಾಲು ದೊಡ್ಡದಲ್ಲ. ಹಿಂದಿನ ಸಾಲಿನವರು ಕೆಮ್ಮಿದರೆ ಮುಂದಿನವರು ತಿರುಗಿ ನೋಡುವಷ್ಟು ಹತ್ತಿರ. ಶುರುವಿನಲ್ಲಿ ಜಾಹೀರಾತಿನಲ್ಲೇ ಲೀಡ್ಸಿನಲ್ಲಿ ಇದರಷ್ಟು ಬೆಚ್ಚಗಿನ ಟಾಕೀಸಿಲ್ಲ ಅಂತ ಹೇಳಿಕೊಳ್ಳುತ್ತಿದ್ದರಂತೆ. ಕೂತ ಮೇಲೆ ನನಗೂ ಹಾಗೇ ಅನಿಸಿತು.

ಆಮೇಲೆ ದೀಪ ಆರಿದವು. ಆದರೆ ಎಲ್ಲಾ ಆರಲಿಲ್ಲ. ಗೋಡೆಯ ಮೇಲೆ ಅಲ್ಲಲ್ಲಿ ಸಣ್ಣ ಬೆಳಕು ಹಾಗೇ ಉಳಿಯಿತು. ಹಳದಿಗಿಂತ ತುಸು ಹಸಿರು ಕಲೆತ ಬೆಳಕು. ಕಣ್ಣಿಗೆ ಚುಚ್ಚುವುದಿಲ್ಲ, ಪರದೆಯನ್ನೂ ಕೆಡಿಸುವುದಿಲ್ಲ. "ಅವು ಗ್ಯಾಸ್ ಲೈಟಮ್ಮ" ಅಂತ ಮಗಳು ಕಿವಿಯಲ್ಲಿ ಪಿಸುಗುಟ್ಟಿದಳು. ಅಂಥವು ಒಂಬತ್ತಿವೆ. ಕತ್ತಲಲ್ಲಿ ಹಿಂದಿನ ಸಾಲಿನ ಜೋಡಿಗಳು ಮರ್ಯಾದೆ ಮೀರಬಾರದು ಅಂತ ಆಗಿನವರು ಚಿತ್ರ ನಡೆಯುವಾಗಲೂ ಇವನ್ನು ಉರಿಯಬಿಟ್ಟಿದ್ದರಂತೆ. ಇಂಗ್ಲಿಷಿನಲ್ಲಿ ಇವಕ್ಕಿದ್ದ ಹೆಸರನ್ನು ಕನ್ನಡಕ್ಕೆ ತಂದರೆ ಮಾನದ ದೀಪ ಅನ್ನಬಹುದು. ಹೀಗೆ ಗ್ಯಾಸ್ ದೀಪ ಉರಿಯುವ ಟಾಕೀಸು ಬೇರೆಲ್ಲೂ ಉಳಿದಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ನನಗೆ ಹಿಡಿಸಿದ್ದು ಬೇರೆಯೇ. ಆ ಬೆಳಕಲ್ಲಿ ಪಕ್ಕದವರ ಮುಖ ಕಾಣುತ್ತಿತ್ತು. ನನ್ನ ಎಡಕ್ಕೆ ಒಬ್ಬ ಅಜ್ಜಿ ಕೂತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಚಿತ್ರದಲ್ಲಿ ಒಂದು ಹುಡುಗ ಮನೆ ಬಿಟ್ಟು ಹೋಗುವ ಹೊತ್ತಿಗೆ ಅವರು ಕೋಟಿನ ಗುಂಡಿಯನ್ನು ತಿರುಗಿಸುತ್ತಲೇ ಇದ್ದರು. ಮನೆಯ ಟೀವಿ ಮುಂದೆ ಒಬ್ಬಳೇ ಕೂತು ನಾನು ಎಷ್ಟೋ ಚಿತ್ರ ನೋಡಿದ್ದೇನೆ. ಇನ್ನೊಬ್ಬರ ಬೆರಳಿನಲ್ಲಿ ಕಥೆ ನಡೆಯುವುದನ್ನು ಕಂಡು ಬಹಳ ಕಾಲವಾಗಿತ್ತು.

ಇಂಥ ಜಾಗ ಸುಮ್ನೆ ಉಳಿದು ಬಂದಿಲ್ಲ. 1989ರಲ್ಲಿ ಇದು ಮುಚ್ಚುವ ಹಂತಕ್ಕೆ ಬಂದಿತ್ತು. ಆಗ ಊರಿನ ನಗರಸಭೆ ಮುಂದೆ ಬಂದು ಕೈ ಹಿಡಿಯಿತು. ಖಾಸಗಿಯವರ ಟಾಕೀಸನ್ನು ಗ್ರಂಥಾಲಯದ ಹಾಗೆ, ಪಾರ್ಕಿನ ಹಾಗೆ ಊರಿನ ಆಸ್ತಿ ಅಂತ ನೋಡಿದರಲ್ಲ, ಅದು ದೊಡ್ಡ ಮಾತು. ಈಗ ಒಂದು ಟ್ರಸ್ಟ್ ನಡೆಸುತ್ತದೆ. ಹಳೆಯ ರೀಲಿನ ಚಿತ್ರ ತೋರಿಸುವ 35 ಮಿಲಿಮೀಟರ್ ಪ್ರೊಜೆಕ್ಟರನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಹಸುಗೂಸಿನ ತಾಯಂದಿರು ಕೂಸನ್ನು ಎತ್ತಿಕೊಂಡೇ ಬಂದು ನೋಡಲು ಬೇರೆಯೇ ಆಟಗಳಿವೆ. ಮಗು ಅತ್ತರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

2020ರಲ್ಲಿ ರಿಪೇರಿಗೆ ಅಂತ ಬಾಗಿಲು ಹಾಕಿದರು. ಕೆಲಸ ಶುರುವಾಗುವಷ್ಟರಲ್ಲಿ ಕೋವಿಡ್ ಬಂತು. ಆದರೂ ಕೈಬಿಡಲಿಲ್ಲ. ಗಾರೆ ಕೆಲಸ ತಿದ್ದಿದರು. ಗಾಲಿಕುರ್ಚಿಯವರು ಬರುವಂತೆ ದಾರಿ ಮಾಡಿದರು. ನೆಲಮಾಳಿಗೆಯಲ್ಲಿ ಇನ್ನೊಂದು ಸಣ್ಣ ಪರದೆ ಹಾಕಿದರು. ಗ್ಯಾಸ್ ದೀಪಗಳನ್ನು ಕಿತ್ತುಹಾಕಲಿಲ್ಲ. 2023ರ ಜೂನ್ 30ರಂದು ಮತ್ತೆ ಬಾಗಿಲು ತೆರೆಯಿತು.

2020 ಅಂದಾಗ ನನಗೆ ಹೊಟ್ಟೆಯೊಳಗೆ ಏನೋ ಚುಚ್ಚಿದಂತಾಯಿತು. ನಾನು ಮೈಸೂರಿನವಳು. ಅದೇ ವರ್ಷ, ಅದೇ ಕೋವಿಡ್ ಕಾಲದಲ್ಲಿ, ನಮ್ಮ ಶಾಂತಲಾ ಟಾಕೀಸು ಮುಚ್ಚಿತು. ನಾರಾಯಣ ಶಾಸ್ತ್ರಿ ರಸ್ತೆಯ ಶಾಂತಲಾ ಅಂದರೆ ಮೈಸೂರಿನವರಿಗೆ ವಿವರ ಬೇಕಿಲ್ಲ. ನಮ್ಮ ಮನೆಯವರ ಕೈಗೆ ಸಂಬಳ ಬಂದ ಭಾನುವಾರ ನಾವು ಹೋಗುತ್ತಿದ್ದದ್ದು ಅಲ್ಲಿಗೇ. ಇಂಟರ್‌ವಲ್ಲಿನಲ್ಲಿ ಮಗಳಿಗೆ ಒಂದು ಪೊಟ್ಟಣ ಕಡಲೆಕಾಯಿ. ಸಿಪ್ಪೆ ಕೆಳಗೆ ಹಾಕದೆ ನನ್ನ ಸೆರಗಿಗೇ ಹಾಕುತ್ತಿದ್ದಳು. ಮುಚ್ಚಿದ ಸುದ್ದಿ ಪೇಪರಿನಲ್ಲಿ ಓದಿದ ದಿನ ಮಗಳಿಗೆ ಫೋನ್ ಮಾಡಿದೆ. ಇಬ್ಬರಿಗೂ ಜಾಸ್ತಿ ಮಾತಾಡಲು ಆಗಲಿಲ್ಲ.

ಚಿತ್ರ ಮುಗಿಯಿತು. ನಮ್ಮಲ್ಲಿ ಆಟ ಬಿಟ್ಟಾಗ ಫಕ್ಕನೆ ಲೈಟು ಹಾಕುತ್ತಾರೆ, ಎಲ್ಲರೂ ಕಣ್ಣು ಕಿವುಚಿಕೊಂಡು ಎದ್ದು ಓಡುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಗೋಡೆಯ ದೀಪಗಳು ಮೊದಲಿನಿಂದ ಉರಿಯುತ್ತಲೇ ಇದ್ದವಲ್ಲ. ಜನ ಕೂತಲ್ಲೇ ಪಕ್ಕಕ್ಕೆ ತಿರುಗಿ ಮಾತಿಗೆ ಶುರುವಿಟ್ಟರು. ಅಜ್ಜಿಯೂ ನನ್ನ ಕಡೆ ತಿರುಗಿದರು. ಎರಡು ಬೀದಿ ಆಚೆ ಅವರ ಮನೆಯಂತೆ. ಚಿಕ್ಕವರಿದ್ದಾಗಿಂದ ಬರುತ್ತಾರಂತೆ. ನಾನು ಎಲ್ಲಿಂದ ಬಂದೆ ಅಂತ ವಿಚಾರಿಸಿದರು. ನಿಮ್ಮ ಮನೆ ಹತ್ತಿರದ ಟಾಕೀಸು ಯಾವುದು ಅಂತ ಕೇಳಿದರು. ಶಾಂತಲಾ ಅಂದೆ. ಆ ಹೆಸರನ್ನು ಎರಡು ಸಲ ಹೇಳಿ ನೋಡಿಕೊಂಡರು. "ಚಂದದ ಹೆಸರು" ಅಂದರು. ಆಮೇಲೆ ಕೋಟು ಹಾಕಿಕೊಳ್ಳುತ್ತಾ ಕೇಳಿದರು, "ಅಲ್ಲಿ ಈ ವಾರ ಯಾವ ಚಿತ್ರ ನಡೀತಿದೆ?"

ನಮಸ್ಕಾರ.